ಕಾರ್ಟೂನ್ ಜೋಕ್ ಒಳಗಿನ ಫಿಲಾಸಫಿ ಹುಡ್ಕೋದು ಹೇಗೆ, ಜೋಕ್‌ನ ಸಾಯಿಸ್ದೆ

ಮೊದಲ್ನೇ ಕೆಲಸ, ಕೊನೇಲಿ ನೀತಿಪಾಠ ಹೇಳೋ ಕಾರ್ಟೂನ್‌ಗಳನ್ನೆಲ್ಲ ಪಕ್ಕಕ್ಕಿಡಿ. ಸುಳ್ಳು ಹೇಳ್ಬಾರ್ದು, ಹಂಚ್ಕೊಂಡು ತಿನ್ಬೇಕು ಅಂತ ಕೊನೆ ಎರಡು ನಿಮಿಷ ಮೆತ್ತಗೆ ಮ್ಯೂಸಿಕ್ ಹಾಕಿ ಹೇಳ್ತಾವಲ್ಲ, ಅವು ಮಕ್ಕಳಿಗೆ ಒಳ್ಳೇದೇ ಇರ್ಬೋದು, ಆದ್ರೆ ಪ್ರಶ್ನೆನೂ ಅವರದೇ ಉತ್ತರಾನೂ ಅವರದೇ ಆದ್ಮೇಲೆ ನಮಗೆ ಯೋಚ್ನೆ ಮಾಡೋಕೆ ಏನ್ ಉಳೀತು. ನಮಗೆ ಬೇಕಾಗಿರೋದು ಬರೀ ನಗ್ಸೋಕೆ ಅಂತಾನೇ ಮಾಡಿರೋವು, ಆರೇಳು ನಿಮಿಷದ ಹಳೇ ಕಾರ್ಟೂನ್‌ಗಳು, ಬೀಳೋದು ಏಳೋದು ತಲೆ ಮೇಲೆ ಪಿಯಾನೋ ಬೀಳೋದು, ಇಷ್ಟೇ ಇರೋವು.

ನೈಂಟೀಸಲ್ಲಿ ಬೆಳೆದೋರಿಗೆ ಇವನ್ನ ಹೊಸದಾಗಿ ಪರಿಚಯ ಮಾಡ್ಸೋದು ಬೇಡ, 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಇಂಡಿಯಾಗೆ ಬಂದಾಗ ಕೇಬಲ್ ಇದ್ದ ಮನೇಲಿ ಪಕ್ಕದ್ಮನೆ ಮಕ್ಕಳೂ ಬಂದು ಕೂತಿರ್ತಿದ್ರು, ಇಂಗ್ಲಿಷ್ ತಲೆಬುಡ ಗೊತ್ತಿಲ್ದಿದ್ರೂ ಟಾಮ್ ಅಂಡ್ ಜೆರ್ರಿ, ರೋಡ್ ರನ್ನರ್ ಪೂರ್ತಿ ಅರ್ಥ ಆಗ್ತಿತ್ತು ಯಾಕಂದ್ರೆ ಅವರು ಮಾತಾಡೋದೇ ಅಪರೂಪ. ಕನ್ನಡದಲ್ಲೇ ಮಾತಾಡೋ ಕಾರ್ಟೂನ್ ಚಾನೆಲ್ ಅಂತ ಚಿಂಟು ಟಿವಿ ಬಂದಿದ್ದು 2009ರಲ್ಲಿ, ಅಷ್ಟೊತ್ತಿಗೆ ನಾವೆಲ್ಲ ಕೆಲಸ ಹುಡ್ಕೋ ವಯಸ್ಸಿಗೆ ಬಂದಿದ್ವಿ ಬಿಡಿ. ಮಾತಿಲ್ದೇ ಇರೋದು ಈ ಕೆಲಸಕ್ಕೆ ಒಂಥರಾ ಪ್ಲಸ್ ಪಾಯಿಂಟು, ಡೈಲಾಗ್ ಇಲ್ಲ ಅಂದ್ರೆ ಯೋಚನೆ ಏನಿದ್ರೂ ಆ ಬೀಳೋ ಏಳೋ ಆಟದಲ್ಲೇ ಇರ್ಬೇಕು, ಬೇರೆ ಜಾಗ ಇಲ್ಲ.

ಈಗ ವಿಧಾನಕ್ಕೆ ಬರೋಣ. ಜೋಕ್ ನೋಡಿ, ನಗಿ, ಆಮೇಲೆ ಅದನ್ನ ಒಂದೇ ಒಂದು ಸಾಲಲ್ಲಿ ಕಾನೂನು ಥರ ಬರೀರಿ. ಈ ಲೋಕದಲ್ಲಿ ಯಾರಿಗೆ ಏನು ನಡೀತದೆ, ಯಾರಿಗೆ ನಡೆಯಲ್ಲ, ಇಷ್ಟೇ. ಉದಾಹರಣೆಗೆ ಚಕ್ ಜೋನ್ಸ್ ಡೈರೆಕ್ಟ್ ಮಾಡಿ ಮೈಕಲ್ ಮಾಲ್ಟೀಸ್ ಬರೆದ ಮೊದಲ್ನೇ ರೋಡ್ ರನ್ನರ್ ಕಾರ್ಟೂನು, 1949ದ್ದು, ಅದ್ರಲ್ಲೇ ಆ ಫೇಮಸ್ ಸುರಂಗದ ಜೋಕ್ ಇದೆ. ಕಯೋಟಿ, ಅಂದ್ರೆ ರೋಡ್ ರನ್ನರ್ ಅನ್ನೋ ಹಕ್ಕಿನ ಹಿಡಿದು ತಿನ್ನೋಕೆ ಸದಾ ಬೆನ್ನಟ್ಟೋ ತೋಳದಂಥ ಪ್ರಾಣಿ, ಬಂಡೆ ಮೇಲೆ ಪೇಂಟ್ ಬ್ರಷ್ ಹಿಡ್ಕೊಂಡು ಸುರಂಗದ ಚಿತ್ರ ಬರೀತಾನೆ, ಹಕ್ಕಿ ಓಡಿ ಬಂದು ಬಂಡೆಗೆ ಡಿಕ್ಕಿ ಹೊಡೀಲಿ ಅಂತ. ಹಕ್ಕಿ ಬರತ್ತೆ, ಚಿತ್ರದ ಒಳಗೇ ಹೋಗ್ಬಿಡತ್ತೆ, ಆರಾಮಾಗಿ. ಕಯೋಟಿಗೆ ತಲೆ ಕೆಡತ್ತೆ, ಓ ಇದು ನಿಜವಾದ ಸುರಂಗಾನೇ ಅಂದ್ಕೊಂಡು ತಾನೂ ಹಿಂದೆ ನುಗ್ತಾನೆ, ಡಬಾರ್.

ಇಲ್ಲಿ ಎಲ್ರಿಗೂ ತಕ್ಷಣ ಹೊಳೆಯೋ ಥಿಯರಿ, ನಂಬಿಕೆ ಇದ್ರೆ ದಾರಿ ಆಗತ್ತೆ, ಹಕ್ಕಿ ನಂಬಿತ್ತು ಹೋಯ್ತು. ಕೇಳೋಕೆ ಚೆನ್ನಾಗಿದೆ, ಸ್ಟೇಟಸ್‌ಗೆ ಹಾಕ್ಬೋದು. ಆದ್ರೆ ಜೋಕ್‌ನ ಇನ್ನೊಂದ್ಸಲ ನೋಡಿ, ಹಕ್ಕಿ ಒಳಗೆ ಹೋಗಿದ್ದನ್ನ ಕಣ್ಣಾರೆ ನೋಡಿದ್ಮೇಲೆ ಕಯೋಟಿನೂ ನಂಬಿದ್ದ ತಾನೇ? ಪೂರ್ತಿ ನಂಬಿಕೆಯಿಂದಾನೇ ಫುಲ್ ಸ್ಪೀಡಲ್ಲಿ ಹೋಗಿದ್ದು, ಆದ್ರೂ ಮುಖ ಚಪ್ಪಟೆ ಆಯ್ತು. ಹಾಗಾಗಿ ಆ ಥಿಯರಿ ಕಸದ ಬುಟ್ಟಿಗೆ. ಎರಡನೇ ಥಿಯರಿ, ಮೋಸ ಮಾಡಿದೋನಿಗೆ ಮೋಸಾನೇ ವಾಪಸ್ ಬರತ್ತೆ, ಮಾಡಿದ್ದುಣ್ಣೋ ಮಹಾರಾಯ. ಇದು ಸ್ವಲ್ಪ ವಾಸಿ, ಆದ್ರೂ ಸಾಲಲ್ಲ, ಬಂಡೆಗೆ ಹೇಗ್ ಗೊತ್ತು ಯಾರು ಮೋಸ ಮಾಡಿದ್ದು ಅಂತ. ಕಾನೂನು ಥರ ಬರೆದ್ರೆ ಸಿಗೋದು ಇದು: ಒಂದೇ ಬಂಡೆ, ಒಬ್ಬನಿಗೆ ಬಾಗಿಲು ಇನ್ನೊಬ್ಬನಿಗೆ ಗೋಡೆ, ಕಾರಣ ಯಾರೂ ಹೇಳಲ್ಲ. ಈಗ ಇದು ಎಷ್ಟು ಸೀರಿಯಸ್ ಪ್ರಶ್ನೆ ನೋಡಿ. ಪ್ರಪಂಚದ ನಿಯಮ ಎಲ್ರಿಗೂ ಒಂದೇನಾ? ಒಂದೇ ಅಲ್ಲ ಅಂತ ಗೊತ್ತಾದ್ಮೇಲೂ ಮನುಷ್ಯ ಯಾಕೆ ಅದೇ ಆಟ ಆಡ್ತಾನೆ? ಒಂದೇ ಸರ್ಟಿಫಿಕೇಟ್ ಹಿಡ್ಕೊಂಡು ಒಬ್ಬ ಒಂದೇ ದಿನದಲ್ಲಿ ಕೆಲಸ ಮುಗಿಸ್ಕೊಂಡು ಬರ್ತಾನೆ ಇನ್ನೊಬ್ಬ ಕೌಂಟರಿಂದ ಕೌಂಟರಿಗೆ ಅಲೀತಾನೆ, ಆ ಎರಡ್ನೇ ಜನಕ್ಕೆ ಈ ಜೋಕ್ ಜಾಸ್ತಿ ನಗು ತರ್ಸತ್ತೆ ಅನ್ನೋದು ನನ್ ಗುಮಾನಿ.

ಗಮನಿಸಿ, ಇಲ್ಲಿ ನಾವು ಫಿಲಾಸಫಿನ ಹೊರಗಿಂದ ತಂದು ಅಂಟಿಸ್ಲಿಲ್ಲ, ಜೋಕ್ ನಡೆಯೋಕೆ ಯಾವ ನಿಯಮ ಬೇಕಿತ್ತೋ ಅದನ್ನ ಹೊರಗೆ ತೆಗೆದ್ವಿ ಅಷ್ಟೇ. ಇಡೀ ಟ್ರಿಕ್ಕೇ ಇದು. ಬಾಕಿದೆಲ್ಲ ಇದನ್ನೇ ಬೇರೆ ಬೇರೆ ಕಡೆಯಿಂದ ಮಾಡೋದು.

ಮುಂದಿನ ಹೆಜ್ಜೆ, ಇಂಟರ್ನೆಟ್ಟಲ್ಲಿ ಓಡಾಡೋ ರೆಡಿಮೇಡ್ ಅರ್ಥಗಳನ್ನ ಈ ನಿಯಮದ ಎದುರಿಗಿಟ್ಟು ಟೆಸ್ಟ್ ಮಾಡೋದು. ಕಯೋಟಿ ಅಂದ್ರೆ ಗ್ರೀಕ್ ಪುರಾಣದ ಸಿಸಿಫಸ್ ಅಂತ ಮೀಮ್ ನೋಡಿರ್ತೀರ, ಬಂಡೆ ಬೆಟ್ಟಕ್ಕೆ ತಳ್ಳೋದು ಅದು ಉರುಳೋದು ಮತ್ತೆ ತಳ್ಳೋದು, ಫ್ರೆಂಚ್ ಲೇಖಕ ಕಾಮೂ 1942ರಲ್ಲಿ ಇವನ ಬಗ್ಗೆ ಬರೆದ, ಸಿಸಿಫಸ್ ಖುಷಿಯಾಗಿದಾನೆ ಅಂತ ಕಲ್ಪಿಸ್ಕೋಬೇಕು ಅಂದ, ಎಲ್ಲ ಸರಿ. ಆದ್ರೆ ಸಿಸಿಫಸ್‌ಗೆ ಅದು ದೇವರುಗಳು ಕೊಟ್ಟ ಶಿಕ್ಷೆ, ಬಿಡೋ ಹಾಗಿಲ್ಲ. ಕಯೋಟಿಗೆ ಯಾರ್ ಶಿಕ್ಷೆ ಕೊಟ್ಟಿದಾರೆ? ಚಕ್ ಜೋನ್ಸ್ ತನ್ನ ಪುಸ್ತಕದಲ್ಲಿ ಈ ಸೀರೀಸಿನ ರೂಲ್ಸ್ ಅಂತ ಒಂದು ಪಟ್ಟಿ ಕೊಟ್ಟಿದಾನೆ, ಹಕ್ಕಿ ಬೀಪ್ ಬೀಪ್ ಅನ್ನೋದು ಬಿಟ್ಟು ಕಯೋಟಿಗೆ ಏನೂ ಮಾಡೋ ಹಾಗಿಲ್ಲ, ಸಾಮಾನೆಲ್ಲ ಆಕ್ಮೆ ಅನ್ನೋ ಕಾಲ್ಪನಿಕ ಕಂಪನಿದೇ ಆಗಿರ್ಬೇಕು, ಸಾಧ್ಯ ಆದಾಗೆಲ್ಲ ಗುರುತ್ವಾಕರ್ಷಣೆನೇ ಅವನ ದೊಡ್ಡ ಶತ್ರು ಆಗಿರ್ಬೇಕು, ಹೀಗೆ. ಅದ್ರಲ್ಲಿ ಒಂದು, ಕಯೋಟಿ ಯಾವಾಗ ಬೇಕಾದ್ರೂ ನಿಲ್ಲಿಸ್ಬೋದು, ಹುಚ್ಚು ಹಿಡಿದೋನು ಆಗಿರ್ದಿದ್ರೆ. ಅದ್ರ ಜೊತೆಗೇ ಸಾಂಟಾಯನಾ ಅನ್ನೋ ಫಿಲಾಸಫರ್ ಮಾತನ್ನೂ ಸೇರಿಸಿದಾನೆ, ಗುರಿ ಮರೆತ್ಹೋದ್ಮೇಲೂ ಪ್ರಯತ್ನ ಡಬಲ್ ಮಾಡೋನೇ ಅಂಥ ಹುಚ್ಚು ಹಿಡಿದೋನು ಅನ್ನೋ ಅರ್ಥದ್ದು. ಅಂದ್ರೆ ಬಾಗಿಲು ತೆರೆದೇ ಇದೆ, ಇವನೇ ಹೋಗ್ತಿಲ್ಲ. ಕಾಮೂ ಹೋಲಿಕೆ ಸರಿಯಾಗಿ ಮುಖ್ಯವಾದ ಜಾಗದಲ್ಲೇ ಕಿತ್ಕೊಂಡು ಬರತ್ತೆ. ಇನ್ನು ನಮ್ಮ ಕಡೆಯ ವಾಟ್ಸಾಪ್ ಅಂಕಲ್‌ಗಳು ಕರ್ಮಣ್ಯೇವಾಧಿಕಾರಸ್ತೇ ಅಂತ ತಂದು ಹಾಕ್ತಾರೆ, ಫಲಾಪೇಕ್ಷೆ ಇಲ್ದೇ ಕೆಲಸ ಮಾಡೋ ಕಯೋಟಿ! ಅಯ್ಯೋ ರಾಮ, ಅವನು ಚಾಕು ಫೋರ್ಕು ಹಿಡ್ಕೊಂಡೇ ಓಡ್ತಾನಲ್ರೀ, ಕತ್ತಿಗೆ ನ್ಯಾಪ್‌ಕಿನ್ ಬೇರೆ.

ಇವೆರಡಕ್ಕಿಂತ ಹತ್ರ ಬರೋದು ಥಾಮಸ್ ನೇಗೆಲ್ ಅನ್ನೋ ಫಿಲಾಸಫರ್ 1971ರಲ್ಲಿ ಅಸಂಬದ್ಧತೆ ಬಗ್ಗೆ ಬರೆದ ಪ್ರಬಂಧ ಅನ್ನೋದು ನನ್ನ ಅಭಿಪ್ರಾಯ. ಅವನ ವಾದ ಸಿಂಪಲ್ಲು, ನಾವು ನಮ್ಮ ಜೀವನಾನ ಭಾರಿ ಸೀರಿಯಸ್ಸಾಗಿ ತಗೊಳ್ದೇ ಇರೋಕಾಗಲ್ಲ, ಅದೇ ಟೈಮಲ್ಲಿ ಒಂದು ಹೆಜ್ಜೆ ಹಿಂದೆ ನಿಂತು ನೋಡಿದ್ರೆ ಈ ಸೀರಿಯಸ್‌ನೆಸ್‌ಗೆ ಗಟ್ಟಿ ಆಧಾರ ಇಲ್ಲ ಅಂತಾನೂ ಕಾಣ್ಸತ್ತೆ, ಈ ಎರಡರ ತಿಕ್ಕಾಟಾನೇ ಅಸಂಬದ್ಧತೆ. ಈಗ ಕಯೋಟಿ ಬೆಟ್ಟದ ಅಂಚು ದಾಟಿ ಗಾಳೀಲಿ ನಿಂತಿರೋ ಆ ಕ್ಷಣ ನೆನಪು ಮಾಡ್ಕೊಳ್ಳಿ. ಓಡ್ತಾ ಇದ್ದಾಗ ಬೀಳಲ್ಲ. ಕಾಲಲ್ಲಿ ಕೆಳಗೆ ತಡಕ್ತಾನೆ, ನೆಲ ಸಿಗಲ್ಲ, ಮೆಲ್ಲಗೆ ಕೆಳಗೆ ನೋಡ್ತಾನೆ, ಆಮೇಲೆ ನಮ್ಮ ಕಡೆ ನೋಡ್ತಾನೆ, ಕೆಲವೊಮ್ಮೆ ಒಂದು ಬೋರ್ಡ್ ಎತ್ತಿ ತೋರಿಸ್ತಾನೆ, ಆಮೇಲೆ ಬೀಳ್ತಾನೆ. ಗೊತ್ತಾಗೋದಕ್ಕೂ ಬೀಳೋದಕ್ಕೂ ಮಧ್ಯೆ ಒಂದು ಗ್ಯಾಪ್ ಇದೆಯಲ್ಲ, ಜೋಕ್ ಇರೋದೇ ಅಲ್ಲಿ, ಅವನು ಒಂದು ಹೆಜ್ಜೆ ಹಿಂದೆ ನಿಂತು ತನ್ನ ಪರಿಸ್ಥಿತಿ ನೋಡ್ಕೊಂಡಿರೋ ಕ್ಷಣ ಅದು, ಆದ್ರೆ ಮುಂದಿನ ಸೀನಲ್ಲಿ ಮತ್ತೆ ಬ್ಲೂಪ್ರಿಂಟ್ ಬಿಡಿಸ್ಕೊಂಡು ಕೂತಿರ್ತಾನೆ. ನೇಗೆಲ್ ಕಾಮೂನ ಆ ವೀರಾವೇಶಾನ ಸ್ವಲ್ಪ ಆತ್ಮಮರುಕ ಅಂತ ಚುಚ್ಚಿ, ಹೀರೋಯಿಸಮ್ಮೂ ಬೇಡ ಹತಾಶೆನೂ ಬೇಡ, ವ್ಯಂಗ್ಯದಿಂದ ನೋಡ್ಕೊಂಡು ಬದುಕ್ಬೋದು ಅಂತಾನೆ, ಬೀಳೋಕ್ ಮುಂಚೆ ಬೋರ್ಡ್ ತೋರ್ಸೋನು ಮಾಡ್ತಿರೋದು ಅದನ್ನೇ ಅಲ್ವಾ.

ಹಾಗೇ ಅವನು ನೋಡ್ತಿರೋದು ಯಾರನ್ನ ಅನ್ನೋದನ್ನೂ ಕೇಳ್ಕೊಳ್ಳಿ. ಮರುಭೂಮೀಲಿ ಬೇರೆ ಯಾರೂ ಇಲ್ಲ. ಜೋನ್ಸ್ ಪಟ್ಟೀಲೇ ಇನ್ನೊಂದು ರೂಲ್ ಇದೆ, ಸೋಲಿನಿಂದ ಅವನಿಗೆ ನೋವಿಗಿಂತ ಅವಮಾನ ಜಾಸ್ತಿ ಆಗ್ಬೇಕು ಅಂತ. ನೋವು ಒಬ್ಬನೇ ಇದ್ರೂ ಆಗತ್ತೆ, ಅವಮಾನಕ್ಕೆ ನೋಡೋರು ಬೇಕು. ಅಲ್ಲಿಗೆ ನಾವೂ ಜೋಕ್ ಒಳಗಿದೀವಿ.

ಮೂರನೇ ವಿಧಾನ ನನಗೆ ಭಾಳ ಇಷ್ಟ, ಆಸೆ ಈಡೇರಿಸಿ ನೋಡೋದು. ಪಾತ್ರಕ್ಕೆ ಏನ್ ಬೇಕೋ ಅದನ್ನ ಕೊಟ್ಬಿಡಿ, ಏನಾಗತ್ತೆ ನೋಡಿ. ಒಳ್ಳೆ ಕಾರ್ಟೂನ್ ಮಾಡೋರು ಇದನ್ನ ಅವರೇ ಒಂದಲ್ಲ ಒಂದ್ಸಲ ಮಾಡಿರ್ತಾರೆ. 1980ರಲ್ಲಿ ಒಂದು ಟಿವಿ ಸ್ಪೆಷಲ್‌ಗೆ ಜೋನ್ಸ್ ಮಾಡಿದ ಕಾರ್ಟೂನಲ್ಲಿ ಕಯೋಟಿ ಕೊನೆಗೂ ಹಕ್ಕಿನ ಹಿಡೀತಾನೆ, ಆದ್ರೆ ಅಷ್ಟೊತ್ತಿಗೆ ಅವನು ಇರುವೆ ಸೈಜಿಗೆ ಕುಗ್ಗಿರ್ತಾನೆ, ಕೈಲಿರೋದು ಬೆಟ್ಟದಷ್ಟು ದೊಡ್ಡ ಹಕ್ಕಿಯ ಕಾಲು. ತಲೆ ಎತ್ತಿ ನೋಡಿ, ನಮ್ಮ ಕಡೆ ತಿರುಗಿ ಬೋರ್ಡ್ ಎತ್ತಾನೆ, ಹಿಡೀಲಿ ಹಿಡೀಲಿ ಅಂತ ಕಾಯ್ತಿದ್ರಲ್ಲ ಬುದ್ಧಿವಂತ್ರೇ, ಹಿಡಿದೆ, ಈಗೇನ್ ಮಾಡ್ಲಿ, ಅಂತ. ಮೂವತ್ತು ವರ್ಷದ ಓಟಕ್ಕೆ ಸಿಕ್ಕಿದ ಉತ್ತರ ಇದು, ಅದೂ ಪ್ರಶ್ನೆ ರೂಪದಲ್ಲಿ.

1943ರ ಒಂದು ಟಾಮ್ ಅಂಡ್ ಜೆರ್ರಿಲೂ ಇದೇ ಟೆಸ್ಟು, ಜೆರ್ರಿ ಕಿತಾಪತಿಯಿಂದ ಟಾಮ್‌ನ ಮನೆಯಿಂದ ಹೊರಗೆ ಹಾಕ್ತಾರೆ, ಇಡೀ ಮನೆ ಇಲಿಗೇ, ಸ್ವಲ್ಪ ಹೊತ್ತಿಗೆ ಅದಕ್ಕೆ ತಡೆಯಲಾರದ ಬೋರು, ಅದೇ ಹೋಗಿ ಟಾಮ್ ಜೊತೆ ಒಪ್ಪಂದ ಮಾಡ್ಕೊಂಡು ವಾಪಸ್ ಕರ್ಕೊಂಡ್ ಬರೋಕೆ ಪ್ಲಾನ್ ಹಾಕತ್ತೆ.

ಇದಕ್ಕಿಂತ ಕ್ರೂರವಾದದ್ದು ಸ್ಪಾಂಜ್‌ಬಾಬ್‌ದು. ಸ್ಟೀಫನ್ ಹಿಲನ್‌ಬರ್ಗ್ ಅನ್ನೋ ಕಡಲಜೀವಿ ಪಾಠ ಮಾಡ್ತಿದ್ದ ಮೇಷ್ಟ್ರು 1999ರಲ್ಲಿ ಶುರು ಮಾಡಿದ ಸೀರೀಸ್ ಅದು, ಎರಡನೇ ಸೀಸನ್ನಲ್ಲಿ ಸ್ಕ್ವಿಡ್‌ವರ್ಡ್ ಅನ್ನೋ ಪಾತ್ರ ಅಕ್ಕಪಕ್ಕದ ಇಬ್ಬರು ಪೆದ್ದರ ಕಾಟ ತಡೀಲಾರ್ದೆ ಮನೆ ಬಿಟ್ಟು, ಎಲ್ರೂ ತನ್ನ ಥರಾನೇ ಇರೋ ಒಂದು ಕಾಲನಿಗೆ ಹೋಗ್ತಾನೆ. ಗೇಟೆಡ್ ಕಮ್ಯುನಿಟಿ ಅನ್ಕೊಳ್ಳಿ. ಎಲ್ರಿಗೂ ಅದೇ ಮುಖ, ಎಲ್ರಿಗೂ ಸೈಕಲ್ಲು ಕ್ಲಾರಿನೆಟ್ಟು ಡ್ಯಾನ್ಸು ಇಷ್ಟ, ಅಂಗಡೀಲಿ ಡಬ್ಬಿ ಬ್ರೆಡ್ಡು. ಮೊದಲ ದಿನ ಸ್ವರ್ಗ. ಆಮೇಲೆ ಕಾರ್ಟೂನು ಏನ್ ಮಾಡತ್ತೆ ಅಂದ್ರೆ ಅದೇ ದಿನಾನ ಅದೇ ಮ್ಯೂಸಿಕ್ ಹಾಕಿ ಮತ್ತೆ ತೋರಿಸತ್ತೆ, ಮತ್ತೆ ತೋರಿಸತ್ತೆ, ಸೈಕಲ್ ಬ್ರೆಡ್ ಡ್ಯಾನ್ಸ್ ಕ್ಲಾರಿನೆಟ್, ಪ್ರತಿ ಸಲ ಅವನ ಮುಖ ಮಾತ್ರ ಸ್ವಲ್ಪ ಸ್ವಲ್ಪ ಇಳೀತಾ ಹೋಗತ್ತೆ. ಒಂದು ದಿನ ಯಾರೋ ಬಿಟ್ಟುಹೋದ ಬ್ಲೋವರ್ ಸಿಗತ್ತೆ, ಗಾಳಿ ಊದೋ ಮಷೀನು, ತಗೊಂಡು ಊರೆಲ್ಲ ಕಾಟ ಕೊಡೋಕೆ ಶುರು ಮಾಡ್ತಾನೆ, ತಾನು ಯಾರಿಂದ ಓಡಿ ಬಂದಿದ್ನೋ ಥೇಟ್ ಅವರ ಹಾಗೆ. ಷೋಪೆನ್‌ಹಾವರ್ ಅನ್ನೋ ಜರ್ಮನ್ ಫಿಲಾಸಫರ್, ಜೀವನ ಅನ್ನೋದು ನೋವಿಗೂ ಬೇಸರಕ್ಕೂ ಮಧ್ಯೆ ಲೋಲಕದ ಥರ ಓಲಾಡ್ತಾ ಇರತ್ತೆ ಅಂದಿದ್ದ, ಕಯೋಟಿ ಈ ತುದೀಲಿದ್ರೆ ಸ್ಕ್ವಿಡ್‌ವರ್ಡ್ ಆ ತುದಿ. ಈ ಎಪಿಸೋಡನ್ನ ದೊಡ್ಡೋರೇ ಒಂಟಿಯಾಗಿ ನೋಡ್ಬೇಕು ಅಂತೀನಿ ನಾನು, ಅದ್ರಲ್ಲೂ ಇಎಂಐ ಕಟ್ಟೋರು.

ನಾಲ್ಕನೇದು, ನಗು ಎಲ್ಲಿ ನಿಂತೋಯ್ತು ಅಂತ ನೋಡ್ಕೊಳ್ಳೋದು. ಬರ್ಗ್‌ಸನ್ ಅನ್ನೋ ಫ್ರೆಂಚ್ ಫಿಲಾಸಫರ್ ನಗುವಿನ ಬಗ್ಗೆ 1900ರಲ್ಲಿ ಬರೆದಿದ್ದ, ನಗ್ಬೇಕಾದ್ರೆ ಹೃದಯಕ್ಕೆ ಸ್ವಲ್ಪ ಹೊತ್ತು ಅರಿವಳಿಕೆ ಕೊಡ್ಬೇಕು, ಮರುಕ ಬಂದ್ರೆ ನಗು ಹೋಯ್ತು ಅಂತ. ಕಾರ್ಟೂನಲ್ಲಿ ಚಪ್ಪಟೆ ಆದೋನು ಮುಂದಿನ ಸೀನಲ್ಲಿ ಸರಿಹೋಗಿರ್ತಾನೆ ಅನ್ನೋ ಗ್ಯಾರಂಟಿನೇ ಆ ಅರಿವಳಿಕೆ. ಅದು ಎಲ್ಲಿ ಇಳಿಯತ್ತೋ ಅಲ್ಲಿ ಪಾಸ್ ಒತ್ತಿ. 1949ರ ಟಾಮ್ ಅಂಡ್ ಜೆರ್ರಿ ಒಂದ್ರಲ್ಲಿ ಟಾಮ್ ಪಿಯಾನೋ ಕೆಳಗೆ ಸಿಕ್ಕಿ ಸತ್ತು ಸ್ವರ್ಗದ ರೈಲ್ವೆ ಸ್ಟೇಷನ್ನಿಗೆ ಹೋಗ್ತಾನೆ, ಗೇಟಲ್ಲಿ ಒಬ್ಬ ಗುಮಾಸ್ತ ಸತ್ತ ಬೆಕ್ಕುಗಳ ಲೆಕ್ಕ ನೋಡಿ ಒಳಗೆ ಬಿಡ್ತಿರ್ತಾನೆ, ರೋಡ್ ರೋಲರ್ ಕೆಳಗೆ ಸಿಕ್ಕಿ ಪೇಪರ್ ಆಗಿರೋ ಬೆಕ್ಕು ಬರತ್ತೆ, ನಗ್ತೀವಿ. ಆಮೇಲೆ ಒಂದು ಒದ್ದೆ ಚೀಲ ಬರತ್ತೆ, ಅದ್ರೊಳಗಿಂದ ಮೂರು ಪುಟ್ಟ ಮರಿಗಳು ಇಣುಕ್ತವೆ, ಗುಮಾಸ್ತ ಕೆಲವು ಜನ ಏನ್ ಮಾಡೋಕೂ ಹೇಸಲ್ಲ ಅನ್ನೋ ಥರ ಒಂದು ಮಾತಂದು ತಲೆ ಆಡಿಸ್ತಾನೆ, ಅಷ್ಟೇ, ಲೈನ್ ಮುಂದಕ್ಕೆ ಹೋಗತ್ತೆ. ಆ ಚೀಲ ಯಾಕೆ ಒದ್ದೆ ಅಂತ ಚಿಕ್ಕೋರಾಗಿದ್ದಾಗ ನಮಗೆ ಗೊತ್ತಾಗಿರಲ್ಲ. ಬೆಕ್ಕು ಇಲಿ ಹೊಡೆದಾಡೋ ಸುಳ್ಳು ಹಿಂಸೆಯ ಪಕ್ಕದಲ್ಲಿ ಮನುಷ್ಯರ ನಿಜವಾದ ಹಿಂಸೆ ಎರಡು ಸೆಕೆಂಡ್ ಬಂದು ಹೋಗತ್ತೆ.

ಅದೇ ಕಾರ್ಟೂನ್ ಮುಂದುವರಿದ್ರೆ ಟಾಮ್‌ಗೆ ಒಂದು ಷರತ್ತು, ಒಂದು ಗಂಟೆ ಒಳಗೆ ಜೆರ್ರಿ ಹತ್ರ ಕ್ಷಮಾಪತ್ರಕ್ಕೆ ಸೈನ್ ಹಾಕಿಸ್ಕೊಂಡು ಬಾ, ಇಲ್ಲಾಂದ್ರೆ ನರಕ. ಟಾಮ್ ಏನೇನೋ ಆಸೆ ತೋರಿಸ್ತಾನೆ, ಸೈನ್ ತಾನೇ ಫೋರ್ಜರಿ ಮಾಡೋಕೂ ನೋಡ್ತಾನೆ. ಅವನಿಗೆ ಬೇಕಾಗಿರೋದು ಕ್ಷಮೆನಾ ಸೈನಾ? ಕನಸಿಂದ ಎದ್ದ ಮೇಲೆ ಜೆರ್ರಿನ ಎತ್ಕೊಂಡು ಮುದ್ದಾಡ್ತಾನಲ್ಲ, ಅದು ಪ್ರೀತಿನಾ ಭಯಾನಾ, ಭಯದಿಂದ ಒಳ್ಳೆಯವನಾದ್ರೆ ಅದಕ್ಕೆ ಬೆಲೆ ಇದೆಯಾ ಅಂತ ಹಿಡ್ಕೊಂಡು ಕೂತ್ರೆ, ಕರ್ತವ್ಯ ಅಂತ ಮಾಡಿದ್ದಕ್ಕೇ ಬೆಲೆ ಅಂದ ಫಿಲಾಸಫರ್ ಕಾಂಟ್ ಹತ್ರಾನೇ ಹೋಗ್ಬೇಕಾಗತ್ತೆ. ಜೆರ್ರಿಗಂತೂ ಏನೂ ಅರ್ಥ ಆಗಲ್ಲ, ಭುಜ ಕುಣಿಸತ್ತೆ.

ಐದನೇದು, ಒಂದೊಂದೇ ಕಿತ್ತು ನೋಡೋದು. ಇದನ್ನ ನೀವು ಮಾಡ್ಬೇಕಾಗೇ ಇಲ್ಲ, 1953ರಲ್ಲಿ ಜೋನ್ಸ್ ಡ್ಯಾಫಿ ಡಕ್ ಅನ್ನೋ ಬಾತುಕೋಳಿ ಮೇಲೆ ಮಾಡಿ ಮುಗಿಸಿದಾನೆ. ಡ್ಯಾಫಿ ಕತ್ತಿ ಹಿಡ್ಕೊಂಡು ವೀರನ ವೇಷದಲ್ಲಿ ಬರ್ತಾನೆ, ಹಿಂದಿನ ಸೀನರಿ ಖಾಲಿ. ಬರೆಯೋನಿಗೆ ಬೈತಾನೆ. ಸೀನರಿ ಬರತ್ತೆ, ಆದ್ರೆ ಹೊಲದ್ದು. ವೇಷ ಬದಲಾಯ್ಸಿ ರೈತ ಆಗಿ ಬಂದ್ರೆ ಹಿಮ. ಆಮೇಲೆ ಅವನನ್ನೇ ರಬ್ಬರ್ ಹಾಕಿ ಅಳಿಸ್ತಾರೆ, ದನಿ ತೆಗೀತಾರೆ, ಬಣ್ಣ ಬದಲಾಯಿಸ್ತಾರೆ, ಮೈಯನ್ನೇ ಹೂವಿನ ತಲೆಯ ಯಾವುದೋ ವಿಚಿತ್ರ ಪ್ರಾಣಿ ಮಾಡ್ತಾರೆ. ಇಷ್ಟಾದ್ರೂ ಅದು ಡ್ಯಾಫಿನೇ ಅಂತ ನಮಗೆ ಒಂದು ಕ್ಷಣಾನೂ ಡೌಟ್ ಬರಲ್ಲ, ಯಾಕೆ? ಮೈ ಹೋಯ್ತು ದನಿ ಹೋಯ್ತು ಊರು ಹೋಯ್ತು, ಉಳಿದಿದ್ದು ಆ ಸಿಡುಕು, ಆ ಜಂಬ. ಇಂಗ್ಲಿಷ್ ಫಿಲಾಸಫರ್ ಜಾನ್ ಲಾಕ್ ಹದಿನೇಳನೇ ಶತಮಾನದಲ್ಲೇ ಈ ಆಟ ಆಡಿದ್ದ, ರಾಜಕುಮಾರನ ನೆನಪುಗಳೆಲ್ಲ ಚಮ್ಮಾರನ ಮೈಯೊಳಗೆ ಬಂದ್ರೆ ಅವನು ಯಾರು ಅಂತ, ಅವನ ಉತ್ತರ ನೆನಪು, ಪ್ರಜ್ಞೆ. ಡ್ಯಾಫಿ ಕಾರ್ಟೂನಿನ ಉತ್ತರ ಬೇರೆ, ನೀನು ಯಾರು ಅಂದ್ರೆ ನಿನಗೆ ಹೇಗೆ ಸಿಟ್ಟು ಬರತ್ತೆ ಅನ್ನೋದು. ಲಾಕ್‌ಗಿಂತ ಇದೇ ನಮ್ಮನೆಯೋರಿಗೆಲ್ಲ ಕರೆಕ್ಟಾಗಿ ಹೊಂದತ್ತೆ ಅನ್ಸತ್ತೆ ನನಗೆ. ಕೊನೇಲಿ ಕ್ಯಾಮೆರಾ ಹಿಂದಕ್ಕೆ ಬಂದ್ರೆ ಬರೀತಿರೋನು ಬಗ್ಸ್ ಬನ್ನಿ. ಮೇಲೊಬ್ಬ ಸೂತ್ರಧಾರ ಇದಾನೆ ಅಂತ ನಾವು ಕೈ ಮುಗಿದು ಹೇಳ್ತೀವಲ್ಲ, ಇಲ್ಲಿ ಆ ಸೂತ್ರಧಾರ ಒಂದು ತರಲೆ ಮೊಲ, ಆ ಮೊಲಾನ ಬರೆಯೋನು ಇನ್ನೊಬ್ಬ, ಅವನ ಹಿಂದೆ ಯಾರು ಅಂತ ಕಾರ್ಟೂನ್ ಹೇಳಲ್ಲ.

ಎಲ್ಲಿ ನಿಲ್ಲಿಸ್ಬೇಕು ಅನ್ನೋದೂ ಗೊತ್ತಿರ್ಬೇಕು. ಮೇಲೆ ಜೋನ್ಸ್‌ನ ರೂಲ್ಸ್ ಪಟ್ಟಿ ಅಂದೆನಲ್ಲ, ಆ ಕಾರ್ಟೂನ್‌ಗಳನ್ನ ಬರೆದ ಮಾಲ್ಟೀಸ್‌ನ ಅದ್ರ ಬಗ್ಗೆ ಕೇಳಿದ್ರೆ ಅಂಥ ರೂಲ್ಸ್ ನಾನು ಕೇಳೇ ಇಲ್ಲ ಅಂದಿದ್ದ! ಅಂದ್ರೆ ಮಾಡಿದೋರೇ ಎಲ್ಲಾ ಮುಗಿದ್ಮೇಲೆ ಕೂತು ಅರ್ಥ ಹಚ್ಚಿರೋ ಸಾಧ್ಯತೆ ಇದೆ. ಪರವಾಗಿಲ್ಲ, ನಿಯಮ ತೆರೆ ಮೇಲೆ ಕಾಣ್ತಿದ್ರೆ ಸಾಕು, ಬರೆದೋನ ತಲೇಲಿ ಇತ್ತಾ ಇಲ್ವಾ ನಮಗ್ಯಾಕೆ. ಆದ್ರೆ ತೆರೆ ಮೇಲೆ ಕಾಣ್ಬೇಕು, ಅದು ಮಾತ್ರ ಕಡ್ಡಾಯ. ನೀವು ಹೇಳೋ ಅರ್ಥಕ್ಕೆ ಇಗೋ ಈ ಶಾಟ್ ನೋಡು ಅಂತ ಬೆರಳಿಟ್ಟು ತೋರ್ಸೋಕೆ ಆಗ್ಲಿಲ್ಲ ಅಂದ್ರೆ ಅದನ್ನ ಬಿಟ್ಬಿಡಿ. ಟಾಮ್ ಕಾರ್ಮಿಕ ವರ್ಗ ಜೆರ್ರಿ ಬಂಡವಾಳಶಾಹಿ ಅಂತ ಉದ್ದುದ್ದ ಬರೆಯೋರಿದಾರೆ, ಶಾಟ್ ಕೇಳಿ ನೋಡಿ, ಟಾಪಿಕ್ ಚೇಂಜ್ ಮಾಡ್ತಾರೆ.

ಮಕ್ಕಳ ಜೊತೆ ನೋಡೋದಾದ್ರೆ ದಯವಿಟ್ಟು ಇದ್ಯಾವುದನ್ನೂ ವಿವರಿಸೋಕೆ ಹೋಗ್ಬೇಡಿ. ನಗ್ತಿರೋ ಮಗೂಗೆ ಪಾಸ್ ಮಾಡಿ ನೇಗೆಲ್ ಬಗ್ಗೆ ಹೇಳಿದ್ರೆ ಅದು ಎದ್ದು ಹೋಗಿ ರೂಮಿನ ಬಾಗಿಲು ಹಾಕ್ಕೊಳತ್ತೆ, ಹಾಕ್ಕೊಳ್ಬೇಕು ಕೂಡ. ಅವರ ಪ್ರಶ್ನೆಗೆ ಕಾಯಿರಿ ಸಾಕು. ರೋಡ್ ರನ್ನರ್ ನೋಡಿದ ಹೆಚ್ಚುಕಮ್ಮಿ ಪ್ರತಿ ಮಗೂನೂ ಇವತ್ತಲ್ಲ ನಾಳೆ ಒಂದು ಪ್ರಶ್ನೆ ಕೇಳೇ ಕೇಳತ್ತೆ, ರಾಕೆಟ್ಟು ಸ್ಪ್ರಿಂಗು ಡೈನಮೈಟು ಎಲ್ಲ ತರಿಸೋಷ್ಟು ದುಡ್ಡಿದ್ರೆ ಊಟಾನೇ ಆರ್ಡರ್ ಮಾಡ್ಬೋದಿತ್ತಲ್ವಾ ಅಂತ. ಉತ್ತರ ಹೇಳೋ ಆತುರ ಬೇಡ, ಹೌದಲ್ಲ, ಯಾಕ್ ಮಾಡಲ್ಲ ಅಂತ ವಾಪಸ್ ಕೇಳಿ. ಒಬ್ಬೊಬ್ಬರದು ಒಂದೊಂದು ಉತ್ತರ ಬರತ್ತೆ, ಅವನಿಗೆ ಹಸಿವೇ ಇಲ್ಲ ಅಂತ ಯಾರಾದ್ರೂ ಅಂದ್ರೆ ಸಾಂಟಾಯನಾ ಮಾತಿನ ಅರ್ಧಕ್ಕೆ ಬಂದಿದಾರೆ ಅಂತ ಲೆಕ್ಕ.

ಕೊನೇದಾಗಿ ನೋಡೋ ವಿಧಾನದ ಬಗ್ಗೆ. ಒಂದ್ಸಲಕ್ಕೆ ಒಂದೇ ಕಾರ್ಟೂನ್ ನೋಡಿ, ಆಟೋಪ್ಲೇ ಆಫ್ ಮಾಡಿ, ಒಂದರ ಹಿಂದೆ ಒಂದು ನೋಡ್ತಾ ಹೋದ್ರೆ ಎಲ್ಲಾ ಕಲಸಿ ಹೋಗತ್ತೆ. ಎರಡನೇ ಸಲ ನೋಡುವಾಗ ಸೌಂಡ್ ಮ್ಯೂಟ್ ಮಾಡಿ, ಮ್ಯೂಸಿಕ್ ಇಲ್ದೇ ಯಾವ ಜೋಕ್ ನಿಲ್ಲತ್ತೆ ಯಾವುದು ಬೀಳತ್ತೆ ಗೊತ್ತಾಗತ್ತೆ. ಮತ್ತೆ ಯಾವ ಕಾರಣಕ್ಕೂ ಒಂದೂವರೆ ಸ್ಪೀಡಲ್ಲಿ ಓಡಿಸ್ಬೇಡಿ, ರೀಲ್ಸ್ ನೋಡಿ ಅಭ್ಯಾಸ ಆಗಿರೋರು ಇದನ್ನ ಮಾಡ್ತಾರೆ. ಸೆಕೆಂಡಿಗೆ 24 ಫ್ರೇಮು, ಕಯೋಟಿ ಬಿದ್ದು ಚುಕ್ಕಿ ಆಗಿ ಮಾಯ ಆಗೋಕೆ 18 ಫ್ರೇಮ್, ಅಲ್ಲಿಂದ ನೆಲಕ್ಕೆ ತಾಗಿ ಧೂಳು ಏಳೋಕೆ 14 ಫ್ರೇಮ್, 13 ಇಟ್ರೂ ನಗು ಬರಲ್ಲ 15 ಇಟ್ರೂ ಬರಲ್ಲ ಅಂತ ಜೋನ್ಸ್ ಬರ್ಕೊಂಡಿದಾನೆ, ಸ್ಪೀಡ್ ಜಾಸ್ತಿ ಮಾಡಿದ್ರೆ ಆ 14 ಫ್ರೇಮ್ ಜಾಗಕ್ಕೆ ಹೆಚ್ಚುಕಮ್ಮಿ ಒಂಬತ್ತು ಫ್ರೇಮಿನಷ್ಟೇ ಟೈಮ್ ಸಿಗತ್ತೆ.